ಕಣ್ಣು ತೆರೆಯದ ಸುಜಾತಾ

ಮೂಗಿನ ಮೇಲೆ ನೊಣ ಕೂತಿತ್ತು. ಸುಜಾತಾ ಓಡಿಸಲಿಲ್ಲ.

ಗಾಜಿಪುರದ ಚರ್ಚಿನ ಹಾಲ್‌ನಲ್ಲಿ ಸಂಡೆ ಸ್ಕೂಲಿನ ಮಕ್ಕಳೆಲ್ಲ ಚಾಪೆಯ ಮೇಲೆ ಕೂತಿದ್ದರು. ಮೌನ ಪ್ರಾರ್ಥನೆಯ ಸ್ಪರ್ಧೆ. "ಕಣ್ಣ ತೆರದವ್ರು ಔಟ್!" ಎಂದಿದ್ದರು ಪ್ರೇಮಕುಮಾರ ಸರ್. ಗೆದ್ದವರಿಗೆ ನೀಲಿ ವಾಟರ್ ಬಾಟಲಿ.

ಸುಜಾತಾಗೆ ಇದು ಹೊಸದಲ್ಲ. ಕಮಲಾಪುರದ ಗುಂಡಮ್ಮಜ್ಜಿ ಕಲಿಸಿದ್ದಳು. ಉಸಿರು ಒಳಗೆ ಹೋಗುವಾಗ 'ಯೇಸಪ್ಪಾ', ಹೊರಗೆ ಬರುವಾಗ 'ಇಲ್ಲೇ ಅದೀನಿ'. ಅಷ್ಟೇ.

ಯಾರೋ ತೋಳು ಜಗ್ಗಿದರು. ಪಕ್ಕದಲ್ಲಿ ಕೂತಿದ್ದ ಒಂದನೇ ಕ್ಲಾಸಿನ ಪ್ರೀತಿ.

"ಅಕ್ಕಾ, ಒಂದಕ್ಕ ಬರಾಕತ್ತದ. ಬಾತ್‌ರೂಮಿನ ಚಿಲಕ ನನಗ ನಿಲುಕಂಗಿಲ್ಲ. ಬಾ ಅಕ್ಕಾ."

'ಯೇಸಪ್ಪಾ, ಇಲ್ಲೇ ಅದೀನಿ.' ಸುಜಾತಾ ಕಣ್ಣು ತೆರೆಯಲಿಲ್ಲ.

"ಅಕ್ಕಾ... ತಡಿಯಾಕ ಆಗವಲ್ದು."

ಸ್ವಲ್ಪ ಹೊತ್ತಿಗೆ ತೋಳು ಹಿಡಿದಿದ್ದ ಪುಟ್ಟ ಕೈ ಸಡಿಲವಾಯಿತು. ಚಾಪೆ ಬೆಚ್ಚಗೆ ಒದ್ದೆಯಾಯಿತು.

"ಛೀ! ಪ್ರೀತಿ ಉಚ್ಚಿ ಹೊಯ್ಕೊಂಡಾಳ್ರೀ ಸರ್!"

"ಏ, ಕೆರಿ ತುಂಬ್ಯದ ನೋಡ್ರಲೇ!"

ಹಾಲ್ ತುಂಬ ನಗು. ಸುಜಾತಾ ಮಾತ್ರ ಕಲ್ಲಿನಂತೆ ಕೂತಿದ್ದಳು.

"ಸುಜಾತಾನ್ನ ನೋಡ್ರಿ! ಇಷ್ಟ ಗದ್ದಲದಾಗೂ ಕಣ್ಣ ತೆರೀಲಿಲ್ಲ. ಪ್ರಾರ್ಥನಾ ಅಂದ್ರ ಹಿಂಗಿರಬೇಕು," ಎಂದರು ಸರ್. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರೀತಿ ಒದ್ದೆ ಫ್ರಾಕನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು.

ಅಂದೇ ಮಧ್ಯಾಹ್ನ ಸುಜಾತಾ ಅಪ್ಪನ ಜೊತೆ ಬಸ್ಸು ಹತ್ತಿ ಕಮಲಾಪುರಕ್ಕೆ ಬಂದಳು. ಬಾಟಲಿಯನ್ನು ಅಜ್ಜಿಗೆ ತೋರಿಸಬೇಕಿತ್ತು. ಅಜ್ಜಿ ಬಾಗಿಲ ಬಳಿ ಕೌದಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಮುಗಿಯಲಿ ಎಂದು ಸುಜಾತಾ ಬಾಟಲಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಪಕ್ಕದಲ್ಲೇ ಕೂತಳು.

"ಗುಂಡಮ್ಮಾ, ಕೊಡ ಎತ್ತಿಕೊಡ ಬಾರೇ!" ನೆರೆಮನೆಯ ಜುಬೇದಾ ನಳದ ಹತ್ತಿರದಿಂದ ಕೂಗಿದಳು.

ಅಜ್ಜಿ ಎದ್ದೇಬಿಟ್ಟಳು. ಕೊಡ ಎತ್ತಿಕೊಟ್ಟು, ಕೈ ಒರೆಸಿಕೊಳ್ಳುತ್ತ ಬಂದು ಮತ್ತೆ ಕೂತಳು.

"ಪ್ರಾರ್ಥನಾ ನಡುವ ಬಿಟ್ಟು ಎದ್ದೆಲ್ಲ ಅಜ್ಜಿ!"

"ಕರದಳಲ್ಲವ್ವ."

"ಕಣ್ಣ ಮುಚ್ಚಿದ್ದಿ?"

"ಕಿವಿ ಮುಚ್ಚಿದ್ದಿಲ್ಲಲ್ಲ. ಯಾಕ, ನಿನಗ ಕೇಳಲಿಲ್ಲೇನು?"

ಕೇಳಿತ್ತು. ಸುಜಾತಾಗೆ ಎಲ್ಲವೂ ಕೇಳಿತ್ತು.

ಬಾಟಲಿಯನ್ನು ಅವಳು ಮೆಲ್ಲಗೆ ಬ್ಯಾಗಿನೊಳಗೆ ತುರುಕಿದಳು.

ಮುಂದಿನ ಭಾನುವಾರ ಸುಜಾತಾ ಮೊದಲು ಪ್ರೀತಿಯ ಮನೆಗೆ ಹೋದಳು.

"ಬಾ ಪ್ರೀತಿ. ಇನ್ನ ಮ್ಯಾಲ ಚಿಲಕ ನಾ ತೆಗದ ಕೊಡ್ತೀನಿ."

"ಆವತ್ತ ಯಾಕ ಬರಲಿಲ್ಲ? ನಿದ್ದಿ ಹತ್ತಿತ್ತೇನು?"

"ಇಲ್ಲ..."

"ಮತ್ತ?"

ಸುಜಾತಾ ಬಾಟಲಿಯನ್ನು ಮುಂದೆ ಹಿಡಿದಳು.

"ನಂಗ ಬ್ಯಾಡ ಅದು! ನಾ ಸಂಡೆ ಸ್ಕೂಲಿಗೆ ಬರಂಗಿಲ್ಲ. ಎಲ್ರೂ ನನಗ ಕೆರಿ ಅಂತಾರ." ಪ್ರೀತಿ ಒಳಗೆ ಓಡಿಹೋದಳು.

ಚರ್ಚಿನ ಗಂಟೆ ಹೊಡೆಯಿತು. ಸುಜಾತಾ ಹೋಗಲಿಲ್ಲ. ಆ ಮನೆಯ ಮೆಟ್ಟಿಲ ಮೇಲೆ, ಬಾಗಿಲನ್ನೇ ನೋಡುತ್ತ ಕೂತಳು. ಕಣ್ಣು ಮುಚ್ಚಲಿಲ್ಲ.

'ಯೇಸಪ್ಪಾ...' ಉಸಿರು ಒಳಗೆ ಹೋಯಿತು.

ಹೊರಗೆ ಬರುವಾಗ, 'ಇಲ್ಲೇ ಅದೀನಿ' ಎನ್ನಲು ಅವಳಿಗೆ ಬಾಯಿ ಬರಲಿಲ್ಲ.