ಇಡ್ಲಿ ತಟ್ಟೆಯ ಬಜ್ಜಿ

ಟಿಂಗ್.

ಕವನ ಕಣ್ಣು ಬಿಟ್ಟಳು. ಮನೆಯೆಲ್ಲ ಕತ್ತಲೆ. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಹುಲಿಗೆಮ್ಮಜ್ಜಿ ಒಂದು ಕ್ಷಣ ಸುಮ್ಮನಾದಳು. ಆಮೇಲೆ ಮೊದಲಿಗಿಂತ ಜೋರಾಗಿ ಗೊರಕೆ ಶುರುವಾಯಿತು.

ಆ ಸದ್ದು ಯಾವುದು ಅಂತ ಕವನಳಿಗೆ ಗೊತ್ತಿತ್ತು. ಅಪ್ಪ ಶಿವಮೊಗ್ಗದಿಂದ ತಂದ ಹೊಸ ಓವನ್ನಿನ ಗಂಟೆ ಅದು. ಆದರೆ ಇಷ್ಟು ಹೊತ್ತಿನಲ್ಲಿ ಓವನ್ ಹಾಕುವವರು ಯಾರು? ಕಳ್ಳನಾ? ಜನ್ನಾಪುರದಲ್ಲಿ ಕಳ್ಳರು ಬಂದು ಅಡುಗೆ ಮಾಡಿಕೊಂಡು ತಿಂದು ಹೋದದ್ದನ್ನು ಅವಳು ಕೇಳಿರಲಿಲ್ಲ.

ಸದ್ದಾಗದ ಹಾಗೆ ಎದ್ದು ಅಡುಗೆಮನೆಗೆ ಇಣುಕಿದಳು.

ಒಳಗೆ ಮಾರಪ್ಪಜ್ಜ ನಿಂತಿದ್ದ. ತಲೆಗೆ ಮಫ್ಲರ್, ಕೈಯಲ್ಲಿ ಇಕ್ಕಳ, ಕಣ್ಣಿಗೆ ಕಡುನೀಲಿ ಕನ್ನಡಕ. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ, ಉರಿಯುವ ಕುಲುಮೆಯೊಳಗೆ ನೋಡಲು ಹಾಕಿಕೊಳ್ಳುತ್ತಿದ್ದ ಕನ್ನಡಕ ಅದು. ಈಗ ಅದನ್ನು ಹಾಕಿಕೊಂಡು ಓವನ್ನಿನ ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದ.

"ಅಜ್ಜಾ, ಏನಾದ್ರೂ ಕಾಣುತ್ತಾ?"

ಅಜ್ಜ ಬೆಚ್ಚಿಬಿದ್ದ. "ಏನೂ ಕಾಣಲ್ಲ," ಅಂತ ಕನ್ನಡಕ ತೆಗೆದ. "ಮೆಲ್ಲಗೆ ಮಾತಾಡೇ ಮಾರಾಯ್ತಿ. ನಿಮ್ಮಜ್ಜಿ ಎದ್ದುಬಿಟ್ರೆ ನನ್ನ ಕತೆ ಮುಗೀತು."

ಅಜ್ಜಿಗೆ ಎಣ್ಣೆಯಲ್ಲಿ ಕರಿದದ್ದು ಬಂದ್ ಆಗಿತ್ತು. ಶಿವಮೊಗ್ಗದ ಡಾಕ್ಟರ್ ಹಾಗೆ ಹೇಳಿದ ದಿನವೇ ಅಪ್ಪ ಓವನ್ ತಂದಿದ್ದ. ಒಳಗೆ ಫ್ಯಾನ್ ತಿರುಗುತ್ತೆ, ಬಿಸಿಗಾಳಿ ಸುತ್ತುತ್ತೆ, ಬಾಣಲೆ ತುಂಬ ಎಣ್ಣೆ ಬೇಡವೇ ಬೇಡ, ಬಜ್ಜಿ ಗರಿಗರಿ ಆಗುತ್ತೆ ಅಂತ ಅಂಗಡಿಯವನು ಹೇಳಿದ್ದನಂತೆ.

ಅಮ್ಮ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಓವನ್ನಿನ ಜಾಲರಿ ಮೇಲೆ ಸಾಲಾಗಿ ಮಲಗಿಸಿದ್ದಳು. ಹಿಟ್ಟೆಲ್ಲ ಕೆಳಗೆ ಸುರಿಯಿತು. ಮೇಲೆ ಬರೀ ಮೆಣಸಿನಕಾಯಿ ಉಳಿಯಿತು.

"ಪಾಪ, ಬಟ್ಟೆ ಬಿಚ್ಚಿ ಸ್ನಾನಕ್ಕೆ ಕೂತಿವೆ," ಅಂದಿದ್ದಳು ಅಜ್ಜಿ.

ಅಷ್ಟೇ. ಆಮೇಲೆ ಅವಳು ಬಜ್ಜಿಯ ಮಾತೆತ್ತಲಿಲ್ಲ. ಜಗಲಿ ಮೇಲೆ ಕೂತು ಟೀಯಲ್ಲಿ ರಸ್ಕ್ ಅದ್ದಿ ತಿನ್ನುತ್ತಿದ್ದಳು. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದವಳು ಈಗ ಯಾರನ್ನೂ ಕರೆಯುತ್ತಿರಲಿಲ್ಲ. ಮನೆಗೇ ಜ್ವರ ಬಂದ ಹಾಗಿತ್ತು.

"ತಿನ್ನದಿದ್ರೆ ಬಿಡಲಿ, ನಂಗೇನು," ಅಂದಿದ್ದ ಅಜ್ಜ. ಅವನು ಒಂದು ಲೋಟ ಟೀ ಕೂಡ ಮಾಡಿದವನಲ್ಲ. "ಗಂಡಸರಿಗೆ ಅಡುಗೆಮನೆಯಲ್ಲಿ ಏನು ಕೆಲಸ?" ಅಂತ ಇಡೀ ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದವನು.

ಈಗ ಅವನ ಬನಿಯನ್ ತುಂಬ ಕಡ್ಲೆಹಿಟ್ಟು.

ಅಜ್ಜ ಓವನ್ನಿನ ಬಾಗಿಲು ತೆಗೆದ. ಕವನ ಬಗ್ಗಿ ನೋಡಿದಳು. "ಮತ್ತೆ ಸ್ನಾನಕ್ಕೆ ಕೂತಿವೆ, ಅಜ್ಜ."

ಅಜ್ಜ ತಲೆ ಕೆರೆದುಕೊಂಡ. ಆಮೇಲೆ ಹಣೆ ಚಚ್ಚಿಕೊಂಡ. "ಥೂ. ಕರಗಿದ ಕಬ್ಬಿಣಾನ ಯಾರಾದ್ರೂ ಜಾಲರಿ ಮೇಲೆ ಹೊಯ್ತಾರಾ? ಅಚ್ಚು ಬೇಕು ಕಣೇ, ಅಚ್ಚು."

ಇಬ್ಬರೂ ಸುತ್ತ ನೋಡಿದರು. ಲೋಟ, ಸೌಟು, ಜರಡಿ. ಕವನ ಮೂಲೆಯ ಕಡೆ ಬೆರಳು ತೋರಿಸಿದಳು. ಅಲ್ಲಿ ಇಡ್ಲಿ ತಟ್ಟೆಗಳು ಒಂದರ ಮೇಲೊಂದು ಕೂತಿದ್ದವು.

"ನೀನು ಕಾರ್ಖಾನೇಲಿ ಇರಬೇಕಿತ್ತು," ಅಂದ ಅಜ್ಜ.

ಅವನು ಹಿಟ್ಟನ್ನು ಗಟ್ಟಿಯಾಗಿ ಕಲಸಿದ. ಮೆಣಸಿನಕಾಯಿ ತುಂಡು ಮಾಡಿದ. ಕವನ ತಟ್ಟೆಯ ಗುಳಿಗಳಿಗೆ ಬೆರಳಲ್ಲಿ ಒಂಚೂರು ಎಣ್ಣೆ ಸವರಿದಳು. ಹಿಟ್ಟು ತುಂಬಿದ ತಟ್ಟೆಯನ್ನು ಓವನ್ನಿಗೆ ಇಡಲು ಹೋದರೆ ಅಜ್ಜ ತಡೆದ.

"ನೀನು ದೂರ ನಿಲ್ಲು. ಮೊದಲು ಕುಲುಮೆ ಕಾಯಲಿ. ತಣ್ಣಗಿರೋ ಕುಲುಮೆಗೆ ಮಾಲು ಹಾಕಿದ್ರೆ ಇಂಜಿನಿಯರ್ ಬೈತಾರೆ."

"ಇಲ್ಲಿ ಇಂಜಿನಿಯರ್ ಯಾರು?"

"ನಿಮ್ಮಮ್ಮ."

ಓವನ್ ಚೆನ್ನಾಗಿ ಕಾದ ಮೇಲೆ ಅಜ್ಜ ಇಕ್ಕಳದಲ್ಲಿ ತಟ್ಟೆ ಹಿಡಿದು ಒಳಗಿಟ್ಟ. ಫ್ಯಾನ್ ಗುಂಯ್ ಅಂತ ತಿರುಗಿತು. ಇಬ್ಬರೂ ನೆಲದ ಮೇಲೆ ಕೂತು ಕಾದರು.

ಟಿಂಗ್.

ಗುಳಿಯಿಂದ ಬಜ್ಜಿಗಳು ಇಡಿಯಾಗಿ ಎದ್ದು ಬಂದವು. ಹೊಂಬಣ್ಣ. ಅಜ್ಜ ಒಂದನ್ನು ಕಚ್ಚಿದ. ಕರಕ್! ಇಬ್ಬರೂ ಗಾಬರಿಯಿಂದ ನಡುಮನೆಯ ಕಡೆ ತಿರುಗಿದರು. ಅಜ್ಜಿಯ ಗೊರಕೆ ಹಾಗೇ ಇತ್ತು.

"ಬೆಳಗ್ಗೆ ನೀನೇ ಕೊಡು. ನಾನು ಮಾಡಿದ್ದು ಅಂತ ಹೇಳ್ಬೇಡ," ಅಂದ ಅಜ್ಜ. "ಹೇಳಿದ್ರೆ ಎದುರುಮನೆ ಹುಚ್ಚಮ್ಮನಿಗೆ ಗೊತ್ತಾಗುತ್ತೆ. ಆಮೇಲೆ ನಾನು ಬೀದಿಗೆ ಇಳಿಯೋ ಹಾಗಿಲ್ಲ."

"ಪ್ರಾಮಿಸ್," ಅಂದಳು ಕವನ.

ಬೆಳಗ್ಗೆ ಅಜ್ಜಿ ಜಗಲಿಯಲ್ಲಿ ಟೀ ಹಿಡಿದು ಕೂತಾಗ ಕವನ ತಟ್ಟೆ ತಂದಿಟ್ಟಳು.

"ಇದೇನೇ, ಇಡ್ಲಿಗೆ ಕಾಮಾಲೆ ಬಂದಿದೆಯಾ?"

"ಬಜ್ಜಿ, ಅಜ್ಜಿ. ನಾನೇ ಮಾಡಿದ್ದು."

ಅಜ್ಜಿ ಕಚ್ಚಿದಳು. ನಡುವೆ ಮೆತ್ತಗಾಗಿದ್ದರೂ ಅಂಚು ಕರಕ್ ಅಂತು. ಎರಡನೆಯದನ್ನು ತೆಗೆದುಕೊಂಡಳು. ಮೂರನೆಯದನ್ನೂ. ಸೆರಗಿಗೆ ಕೈ ಒರೆಸಿಕೊಂಡು, "ಏ ಹುಚ್ಚಮ್ಮಾ, ಇವತ್ತೇನೇ ಸಾರು?" ಅಂತ ಬೀದಿಯಾಚೆಗೆ ಕೂಗಿದಳು.

ಆಮೇಲೆ ದನಿ ತಗ್ಗಿಸಿದಳು. "ಉಪ್ಪು ಜಾಸ್ತಿ. ಆ ನೀಲಿ ಕನ್ನಡಕ ಹಾಕ್ಕೊಂಡ್ರೆ ಉಪ್ಪು ಎಲ್ಲಿ ಕಾಣುತ್ತೆ?"

ಕವನ ಬಾಯಿ ಬಿಟ್ಟಳು. "ನೀನು ಗೊರಕೆ ಹೊಡೀತಿದ್ದೆ!"

"ನೀನು ಏಳೋ ಮುಂಚೇನೇ ಹೋಗಿ ನೋಡಿ ಬಂದೆ. ಅಷ್ಟು ಹೊತ್ತು ಗೊರಕೆ ಹೊಡೆಯೋದು ಎಷ್ಟು ಕಷ್ಟ ಗೊತ್ತಾ? ಗಂಟಲು ಒಣಗಿಹೋಯ್ತು." ಅಜ್ಜಿ ಟೀ ಕುಡಿದಳು. "ನಿಮ್ಮಜ್ಜನಿಗೆ ಮಾತ್ರ ಹೇಳ್ಬೇಡ."

ಅಷ್ಟರಲ್ಲಿ ಅಮ್ಮ ಬಂದಳು. ಕೈಯಲ್ಲಿ ಕರಕಲು ಹಿಡಿದ ಇಡ್ಲಿ ತಟ್ಟೆ. "ಓವನ್ ಮುಟ್ಟಿದ್ದು ಯಾರು?"

ಅವಳ ಹಿಂದೆಯೇ ಬಾಗಿಲಿಗೆ ಬಂದ ಅಜ್ಜ ಗಿಡಕ್ಕೆ ನೀರು ಹಾಕಲು ಹೊರಟ. ಅವನ ಕೈಯಲ್ಲಿದ್ದ ತಂಬಿಗೆ ಖಾಲಿ ಇತ್ತು.

"ನಾನು," ಅಂದಳು ಕವನ.

ಅಮ್ಮ ತಟ್ಟೆ ಕೆಳಗಿಟ್ಟು ಅವಳ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸುಟ್ಟಿಲ್ಲ ಅಂತ ಗೊತ್ತಾದ ಮೇಲೆ ಅವಳ ಸಿಟ್ಟು ಇನ್ನೂ ಏರಿತು. "ಭಾನುವಾರ ತ್ಯಾವರೆಕೊಪ್ಪ ಸಫಾರಿ ಕ್ಯಾನ್ಸಲ್."

ಹುಲಿ ನೋಡೋಕೆ ಹೋಗ್ತೀನಿ ಅಂತ ಕವನ ಇಡೀ ಕ್ಲಾಸಿಗೆ ಹೇಳಿಯಾಗಿತ್ತು.

ಅಮ್ಮ ಒಂದು ಕ್ಷಣ ಯೋಚಿಸಿದಳು. "ಕಡ್ಲೆಹಿಟ್ಟಿನ ಡಬ್ಬ ಅಟ್ಟದ ಮೇಲಿತ್ತಲ್ಲ? ನಿನಗೆ ಎಟುಕಲ್ಲ. ಜೊತೆಗೆ ಯಾರಿದ್ರು? ನಿಜ ಹೇಳು, ಭಾನುವಾರ ಹೋಗೋಣ."

ಅಂಗಳದಿಂದ ಅಜ್ಜ ತಿರುಗಿ ಬಂದ. ಅವನ ಕಿವಿ ಕೆಂಪಾಗಿತ್ತು. "ಮೈತ್ರಿ, ಅದು ಏನಂದ್ರೆ..." ಅಂದ ಅಮ್ಮನಿಗೆ. ಖಾಲಿ ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಅಜ್ಜಿ ಟೀ ಲೋಟದೊಳಗೆ ಏನೋ ಬಿದ್ದಿರುವ ಹಾಗೆ ಅದನ್ನೇ ನೋಡುತ್ತಿದ್ದಳು.

ಕವನ ಅಜ್ಜನನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಅಜ್ಜಿಯ ತಟ್ಟೆಯಲ್ಲಿ ಒಂದು ಚೂರೂ ಉಳಿದಿರಲಿಲ್ಲ.

"ಸ್ಟೂಲ್ ಹಾಕ್ಕೊಂಡೆ, ಅಮ್ಮ. ಒಬ್ಬಳೇ."

ಅಜ್ಜ ಬಿಗಿಹಿಡಿದಿದ್ದ ಉಸಿರು ಬಿಟ್ಟ.

"ಮೈತ್ರಿ," ಅಂದಳು ಅಜ್ಜಿ ಲೋಟದಿಂದ ತಲೆ ಎತ್ತದೆ, "ಆ ಡಬ್ಬ ಇನ್ಮೇಲೆ ಕೆಳಗೇ ಇಡು. ಯಾರಾದ್ರೂ ಬಿದ್ದುಗಿದ್ದಾರು."

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಜ್ಜ ಕವನಳ ಕಡೆ ವಾಲಿದ. "ನಿಮ್ಮಜ್ಜಿಗೆ ಡೌಟ್ ಬಂದಿಲ್ಲ ತಾನೆ?"

ಕವನ ಬಾಯಿ ತುಂಬ ಅನ್ನ ತುಂಬಿಕೊಂಡು ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಅಮ್ಮನಿಗೆ ಹೇಳುವುದಿಲ್ಲ, ಕ್ಲಾಸಿನಲ್ಲಿ ಹೇಳುವುದಿಲ್ಲ. ಅಜ್ಜನಿಗಂತೂ ಹೇಳುವುದೇ ಇಲ್ಲ.

"ಉಪ್ಪು ಮಾತ್ರ ಸ್ವಲ್ಪ ಕಮ್ಮಿ ಹಾಕೋಣ, ಅಜ್ಜ," ಅಂದಳು.