ಗಂಟಿಲ್ಲದ ಗುಲಾಬಿ ಪಟ್ಟಿ

ಲವೀನಾಜ್ಜಿ ಮನೆ ಮುಂದಿನ ಮೆಟ್ಟಿಲ ಮೇಲೆ ಎಂದಿನಂತೆ ಕೂತೇ ಇದ್ದಳು. ಬಾಯಿ ಮಾತ್ರ ಅವಳದ್ದಾಗಿರಲಿಲ್ಲ. ತುಟಿಗಳು ಊದಿ ಒಡೆದಿದ್ದವು. ನಾಲಗೆಯ ತುಂಬ ಬೊಬ್ಬೆ. ಮಡಿಲಲ್ಲಿ ಕೂಸನ್ನು ಮಲಗಿಸಿ ಹೊರುವ ಬುಟ್ಟಿ, ಅರ್ಧ ಹೆಣೆದದ್ದು.

ಆಂಬುಲೆನ್ಸಿನವರು ಎತ್ತಿಕೊಂಡು ಹೋಗುವಾಗಲೂ ಬುಟ್ಟಿ ಬಿಡಲು ಅವಳು ಒಪ್ಪಲಿಲ್ಲ. ಮಗಳು ಡಾರ್ಲೀನ್ ಬೆರಳು ಬೆರಳಾಗಿ ಬಿಡಿಸಬೇಕಾಯಿತು.

ಪೊಲೀಸ್ ಡೆಪ್ಯುಟಿ ರೊಬರ್ಟಾ ಬಂದಾಗ ಡಾರ್ಲೀನ್ ಅಡುಗೆಮನೆಯಲ್ಲಿದ್ದಳು. ರೊಬರ್ಟಾ ಇದೇ ನದೀತೀರದವಳು. ಚಿಕ್ಕವಳಿದ್ದಾಗ ಇದೇ ಮೆಟ್ಟಿಲ ಮೇಲೆ ಕೂತು ಲವೀನಾಜ್ಜಿಯ ಬಾಯಿಂದ ಕಾಡುನಾಯಿ ಬೆಂಕಿ ಕದ್ದ ಕಥೆ ಕೇಳಿದವಳು. ಆ ಬಾಯಿ ಈಗ ಹೀಗಾಗಿತ್ತು.

"ಏನು ತಿಂದಿದ್ರು ಅಕ್ಕ?"

"ಓಕ್ ಕಾಯಿ ಗಂಜಿ, ಸಾಲ್ಮನ್ ಮೀನು. ನಾನೂ ಅದನ್ನೇ ತಿಂದೆ. ನೋಡು, ಕಲ್ಲುಗುಂಡಿನ ಹಾಗಿದೀನಿ."

ಹಾಗಾದರೆ ಊಟವಲ್ಲ. ರೊಬರ್ಟಾ ಹೊರಗೆ ಬಂದು ಮೆಟ್ಟಿಲ ಬಳಿ ಕೂತಳು. ಬುಟ್ಟಿ ಹೆಣೆಯುವ ಹಸಿ ಹೇಜಲ್ ಕಡ್ಡಿಗಳ ರಾಶಿ. ಅರ್ಧದಷ್ಟು ಸುಲಿದದ್ದು. ಕಡ್ಡಿಯ ತುದಿಯಲ್ಲಿ ಹಲ್ಲಿನ ಗುರುತು. ಮೊಗ್ಗಿನ ಸಂದಿಯಲ್ಲಿ, ಮಳೆಗೆ ತೊಳೆದುಹೋಗದೆ ಉಳಿದ ಚೂರು ನೀಲಿ.

ಆ ನೀಲಿಯನ್ನು ನದೀತೀರದಲ್ಲಿ ಗುರುತಿಸದವರಿಲ್ಲ. ಫರ್ ಸಸಿಗಳ ನಡುವೆ ಬೆಳೆಯುವ ಪೊದೆ ಕೊಲ್ಲಲು ಮರದ ಕಂಪನಿಯವರು ಕಳೆನಾಶಕ ಹೊಡೆಯುತ್ತಾರೆ. ಎಲ್ಲಿ ಹೊಡೆದಾಯಿತು ಎಂದು ತಿಳಿಯಲು ಅದಕ್ಕೆ ನೀಲಿ ಬಣ್ಣ ಬೆರೆಸುತ್ತಾರೆ. ಆದರೆ ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಅವಳು ಕಡ್ಡಿ ಆರಿಸುತ್ತಿದ್ದುದು ಬೆರಳಿನಿಂದ.

ರೊಬರ್ಟಾ ಕಡ್ಡಿ ಹಿಡಿದು ಒಳಗೆ ಬಂದಳು. "ಅಜ್ಜಿ ಸಿಪ್ಪೆ ಸುಲಿಯೋದು ಹಲ್ಲಲ್ಲಿ ಅಲ್ವಾ ಅಕ್ಕ?"

ಡಾರ್ಲೀನಳ ಕೈಯಿಂದ ಕಾಫಿ ಲೋಟ ಜಾರಿ ತೊಟ್ಟಿಯಲ್ಲಿ ಬಿತ್ತು.

"ಕಂಪನಿಯ ಆ ಸ್ಟೋವರ್‌ನ ಹೋಗಿ ಕೇಳು," ಅಂದಳು. "ಮೀಟಿಂಗಲ್ಲಿ ಎಲ್ಲರೆದುರು ಹೇಳಿರ್ಲಿಲ್ವಾ? ಮುದುಕಿ ಬುಟ್ಟಿಗೋಸ್ಕರ ಸಾವಿರ ಸಸಿ ಹಾಳುಮಾಡ್ಕೋಬೇಕಾ ಅಂತ."

*

ಬೆಟ್ಟದ ಮೇಲೆ ಕಂಪನಿಯ ಸ್ಟೋವರ್ ಜೀಪಿಗೆ ಒರಗಿ ನಿಂತಿದ್ದ. ಸೇಬು ತಿನ್ನುತ್ತಿದ್ದ.

"ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು ಮೇಡಂ. ಈ ಊರಲ್ಲಿ ಕೋಳಿ ಸತ್ರೂ ನನ್ನ ಹೆಸರೇ."

"ಸತ್ತಿಲ್ಲ. ಅಜ್ಜಿ ಆಸ್ಪತ್ರೇಲಿದ್ದಾರೆ. ಅವರ ಹೇಜಲ್ ಪೊದೆಗೆ ಔಷಧಿ ಹೊಡೆದಿದೀರಿ."

ಅವನ ಸೇಬು ಅರ್ಧದಲ್ಲೇ ನಿಂತಿತು. "ಸಾಧ್ಯವೇ ಇಲ್ಲ. ಅವರ ಪೊದೆಯ ಸುತ್ತ ಗುಲಾಬಿ ಪಟ್ಟಿ ಕಟ್ಟಿದೀವಿ, ಅದರೊಳಗೆ ಔಷಧಿ ಹೊಡೀಬಾರ್ದು ಅಂತ. ಪಟ್ಟಿ ದಾಟಿದ್ರೆ ನನ್ನ ಹುಡುಗರ ಕೆಲಸ ಹೋಗತ್ತೆ. ನಾನು ಬೈತೀನಿ, ಜಗಳ ಆಡ್ತೀನಿ. ಮಾತು ಕೊಟ್ಟ ಮೇಲೆ ತಪ್ಪಲ್ಲ."

ಹೋಗಿ ನೋಡಿದರು. ಗುಲಾಬಿ ಪಟ್ಟಿಗಳೇನೋ ಇದ್ದವು. ಆದರೆ ಪೊದೆಯ ಮೇಲ್ಬದಿಯಲ್ಲಿರಬೇಕಿದ್ದ ಮೇಲಿನ ಸಾಲು ಪೊದೆಗಿಂತ ಕೆಳಕ್ಕೆ ಇಳಿದಿತ್ತು. ಪೊದೆ ಹೊರಗೆ ಉಳಿದಿತ್ತು, ಮನೆಯಿಂದ ಹೊರಹಾಕಿದ ಮಗುವಿನಂತೆ.

"ಇದು ನಾವು ಕಟ್ಟಿದ್ದಲ್ಲ," ಅಂದ ಸ್ಟೋವರ್.

"ಹಾಗಂತ ಯಾರು ಬೇಕಾದ್ರೂ ಹೇಳ್ಬಹುದು."

ಆದರೂ ರೊಬರ್ಟಾ ಹತ್ತಿರ ಹೋದಳು. ಕೆಳಗಿನ ಸಾಲಿನ ಪಟ್ಟಿಗಳಿಗೆ ಒರಟಾದ ಎರಡು ಗಂಟು, ಜೋತುಬಿದ್ದ ತುದಿ. ಕೈಗವಸು ಹಾಕಿಕೊಂಡು ಅವಸರದಲ್ಲಿ ಕಟ್ಟಿದ್ದು. ಮೇಲಿನ ಸಾಲಿನ ಪಟ್ಟಿಗಳಿಗೆ ಗಂಟೇ ಇರಲಿಲ್ಲ. ಸುತ್ತು ಬಂದು, ತನ್ನನ್ನೇ ತಾನು ದಾಟಿ, ತುದಿ ಒಳಗೆ ಅಡಗಿತ್ತು. ಎಳೆದಳು. ಇನ್ನಷ್ಟು ಬಿಗಿಯಾಯಿತು.

ಲವೀನಾಜ್ಜಿಯ ಮನೆಯಲ್ಲಿ ಬುಟ್ಟಿಯ ಅಂಚು ಮುಗಿಸುವುದು ಹೀಗೆ. ಕೂಸಿನ ಕೆನ್ನೆಗೆ ಚುಚ್ಚದ ಹಾಗೆ.

ರೊಬರ್ಟಾಗೆ ಬೆಟ್ಟ ಇಳಿಯುವ ಮನಸ್ಸೇ ಆಗಲಿಲ್ಲ. ಅಪರಾಧಿ ಈ ಸ್ಟೋವರನೇ ಆಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

*

ಡಾರ್ಲೀನ್ ಆಸ್ಪತ್ರೆಗೆ ಹೊರಡಲು ಸಿದ್ಧವಾಗುತ್ತಿದ್ದಳು. ಮೇಜಿನ ಮೇಲೆ ಬ್ರೆಡ್ಡಿನ ಚೀಲ ಬಾಯಿ ತೆರೆದು ಬಿದ್ದಿತ್ತು.

ರೊಬರ್ಟಾ ಜೇಬಿನಿಂದ ಒಂದು ತುಂಡು ಗುಲಾಬಿ ಪಟ್ಟಿ ತೆಗೆದು ಮುಂದಿಟ್ಟಳು. "ಚೀಲದ ಬಾಯಿ ಕಟ್ಟಕ್ಕ. ಇರುವೆ ಬರತ್ತೆ."

ಡಾರ್ಲೀನ್ ಏನೋ ಯೋಚಿಸುತ್ತ ಕಟ್ಟಿದಳು. ಸುತ್ತಿದಳು, ದಾಟಿಸಿದಳು, ತುದಿಯನ್ನು ಒಳಗೆ ತೂರಿಸಿದಳು. ಆಮೇಲೆ ತನ್ನ ಕೈಯನ್ನು ತಾನೇ ನೋಡಿದಳು.

"ಹೆಣಿಗೆ ಬಿಟ್ಟು ಎಷ್ಟೋ ಕಾಲ ಆಯ್ತು ಅಂತಿದ್ದೆಯಲ್ಲ," ಅಂದಳು ರೊಬರ್ಟಾ ಮೆಲ್ಲಗೆ.

"ಬಿಟ್ಟು ಮೂವತ್ತು ವರ್ಷ." ಡಾರ್ಲೀನ್ ಕುಸಿದು ಕೂತಳು. "ಹೋದ ವರ್ಷ ಅಮ್ಮ ಆ ಬೆಟ್ಟದಲ್ಲಿ ಜಾರಿಬಿದ್ದು ಸೊಂಟ ಮುರ್ಕೊಂಡಳು. ಮತ್ತೆ ಹತ್ತಬೇಡಮ್ಮ ಅಂತ ಕಾಲು ಹಿಡಿದೆ. ಮೊಮ್ಮಗಳು ಮರ್ಲಾ ಹೆರೋ ಕೂಸಿಗೆ ಬುಟ್ಟಿ ಬೇಡ್ವಾ ಅಂತ ನನ್ನನ್ನೇ ಬೈದಳು. ಪೊದೆ ಸತ್ರೆ ಹತ್ತೋದು ಬಿಡ್ತಾಳೆ ಅಂತ ಪಟ್ಟಿ ಕೆಳಗಿಳಿಸಿ ಕಟ್ಟಿದೆ ಕಣೇ. ಅಷ್ಟೇ."

"ಔಷಧಿ ಹೊಡೆದ ಪೊದೆ ಅದೇ ದಿನ ಒಣಗಲ್ಲ ಅಕ್ಕ. ತುಂಬ ದಿನ ಹಸಿಯಾಗೇ ಇರತ್ತೆ."

"ಎಲೆ ಅಳಿಲಿನ ಕಿವಿಯಷ್ಟಾದ ಮೇಲೇ ಅವಳು ಕಡ್ಡಿ ಕೊಯ್ಯೋದು. ಹುಟ್ಟಿದಾಗಿಂದ ಹಾಗೇ ನೋಡಿದೀನಿ. ಅಷ್ಟರೊಳಗೆ ಒಣಗಿರತ್ತೆ ಅಂತ..."

"ಹಳೇ ಕಡ್ಡಿ ಸಾಲಲಿಲ್ಲ. ಹೆರಿಗೆ ಹತ್ತಿರ ಬಂತು. ಅದಕ್ಕೇ ಈ ಸಲ ಬೇಗ ಹೋದರು. ರಸ್ತೆಯಿಂದ ಹೋಗಿದ್ರೆ ಔಷಧಿ ಹೊಡೆದಿದೆ ಅನ್ನೋ ಕಂಪನಿ ಬೋರ್ಡನ್ನ ಯಾರಾದ್ರೂ ಓದಿ ಹೇಳ್ತಿದ್ರು. ಅಜ್ಜಿ ಹೋಗೋದು ನದಿ ಕಡೆಯ ಹಳೇ ದಾರೀಲಿ."

"ಬಾಯಿ," ಅಂದಳು ಡಾರ್ಲೀನ್. "ಹಲ್ಲಲ್ಲಿ ಸುಲೀತಾಳೆ ಅನ್ನೋದೇ ಮರೆತುಹೋಗಿತ್ತು. ನಾನೂ ಹಾಗೇ ಸುಲಿದವಳು. ನೀನು ಆ ಕಡ್ಡಿ ಹಿಡ್ಕೊಂಡು ಬರೋವರೆಗೂ ನೆನಪಾಗ್ಲಿಲ್ಲ ನೋಡು."

ಕೈ ನೆನಪಿಟ್ಟುಕೊಂಡಿತ್ತು. ಬಾಯಿ ಮರೆತಿತ್ತು.

ರೊಬರ್ಟಾ ಬುಟ್ಟಿಯನ್ನು ಎತ್ತಿಕೊಂಡಳು. ಅಂಚಿಗೆ ಹೊಸ ಕಡ್ಡಿ ಆಗಲೇ ಸೇರಿತ್ತು. ಹಲ್ಲು ಬರುವ ಕಾಲಕ್ಕೆ ಕೂಸುಗಳು ಚೀಪುವುದು ಆ ಅಂಚನ್ನೇ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಡಾರ್ಲೀನ್ ಆಗಲೇ ಮುಖ ಮುಚ್ಚಿಕೊಂಡಿದ್ದಳು.

"ಕೇಸು ಬರೀಲೇಬೇಕಕ್ಕ. ಇಲ್ಲದಿದ್ರೆ ಸ್ಟೋವರ್‌ನ ಹುಡುಗರು ಕೆಲಸ ಕಳ್ಕೊಳ್ತಾರೆ."

"ಬರಿ. ಮೊದಲು ಅವಳ ಹತ್ರ ಕರ್ಕೊಂಡು ಹೋಗು. ನಾನೇ ಹೇಳ್ತೀನಿ."

*

ಆಸ್ಪತ್ರೆಯಲ್ಲಿ ಡಾರ್ಲೀನ್ ಎಲ್ಲವನ್ನೂ ಹೇಳಿದಳು. ಲವೀನಾಜ್ಜಿ ಗೋಡೆಯ ಕಡೆ ಮುಖ ತಿರುಗಿಸಿ ಕೇಳಿದಳು. ನಾಲಗೆ ವಾಸಿಯಾಗುತ್ತದೆ, ರುಚಿ ಮರಳುವ ಭರವಸೆ ಇಲ್ಲ ಎಂದಿದ್ದರು ಡಾಕ್ಟರು. ಪೊದೆಯಂತೂ ಹೋಯಿತು. ಕೂಸು ಬುಟ್ಟಿಯಿಲ್ಲದೆ ಬರುತ್ತದೆ.

ಆಮೇಲೆ ಅಜ್ಜಿ ರೊಬರ್ಟಾಳನ್ನು ಹತ್ತಿರ ಕರೆದಳು. ಮಾತು ತೊದಲಿತು.

"ಪಟ್ಟಿ... ಬಿಚ್ಕೊಂಡಿತ್ತಾ?"

"ಇಲ್ಲ ಅಜ್ಜಿ. ಎಳೆದಷ್ಟೂ ಬಿಗೀತು."

ಅಜ್ಜಿಯ ಕೈ ಹಾಸಿಗೆಯ ಮೇಲೆ ತಡಕಾಡಿ ಮಗಳ ಬೆರಳುಗಳನ್ನು ಹುಡುಕಿ ಹಿಡಿಯಿತು.

"ನಾನೇ ಕಲ್ಸಿದ್ದು," ಅಂದಳು.