ಉಸಿರು ಕಾಯುವ ಪೆಟ್ಟಿಗೆಗಳು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಜೆ.ಪಿ. ನಗರದ ಠಾಣೆಗೆ ಬಂದ ಶ್ರೀಕರ್, ನವಜಾತ ಶಿಶುಗಳ ಉಸಿರು ಗಮನಿಸುವ ತನ್ನ ಕಂಪನಿಯ ಯಂತ್ರಗಳು ಕಳುವಾಗಿವೆ ಎಂದು ದೂರು ಕೊಟ್ಟ. ಅಂದು ಸಂಜೆಯೇ ಅವು ಹೆರಿಗೆ ಆಸ್ಪತ್ರೆಯೊಂದಕ್ಕೆ ಹೋಗಬೇಕಿತ್ತು. ಇನ್‌ಸ್ಪೆಕ್ಟರ್ ಶಿಲ್ಪಶ್ರೀ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಭೀಮರಾಯರೊಂದಿಗೆ ಸಾರಕ್ಕಿ ಸಿಗ್ನಲ್ ದಾಟಿ ಕಂಪನಿಗೆ ಹೋದರು.

ಯಂತ್ರಗಳಿದ್ದ ಕಪಾಟಿನ ಬೀಗ ಒಡೆದಿರಲಿಲ್ಲ. ಪಕ್ಕದ ಕಪಾಟಿನಲ್ಲಿ, ಅದೇ ಕಂಪನಿ ತಯಾರಿಸುವ, ಕೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡ್‌ಗಳು ಹಾಗೇ ಇದ್ದವು. ಪಂಚನಾಮೆ ಬರೆಯುತ್ತಿದ್ದ ಭೀಮರಾಯರು ತಲೆಯೆತ್ತಿದರು.

"ಮೇಡಂ, ಇಲ್ಲಿದ್ದ ಗುಲಾಬಿ ಪ್ಲಾಸ್ಟಿಕ್ ಕವರ್‌ಗಳೂ ಹೋಗಿವೆಯಂತೆ. ಮಗೂನ ಬಟ್ಟೇಲಿ ಸುತ್ತೋ ಹಾಗೆ ಸುತ್ಕೊಂಡು ಹೋಗಿದಾನೆ ಕಳ್ಳ."

"ಆ ಕವರ್ ಯಾಕೆ?" ಶಿಲ್ಪಶ್ರೀ ಕೇಳಿದರು.

"ಮೈಯಲ್ಲಿರೋ ಸ್ಟ್ಯಾಟಿಕ್ ಕರೆಂಟ್ ತಗುಲಿ ಒಳಗಿನ ಸರ್ಕ್ಯೂಟ್ ಬೋರ್ಡ್ ಹಾಳಾಗ್ದೇ ಇರ್ಲಿ ಅಂತ," ಎಂದ ಶ್ರೀಕರ್. "ಹಾರ್ಡ್‌ವೇರ್‌ನವ್ರು ಮಾತ್ರ ಹಾಕ್ತಾರೆ. ಸಾಫ್ಟ್‌ವೇರ್‌ನವ್ರು ಎಷ್ಟು ಬೈದ್ರೂ ಹಾಗೇ ಎತ್ಕೋತಾರೆ."

"ಹಾರ್ಡ್‌ವೇರ್‌ನಲ್ಲಿ ಕೀ ಯಾರ ಹತ್ರ?"

"ಶುಭಾ ಹತ್ರ. ಇವತ್ತು ರಜೆ."

ತಿಲಕ್ ನಗರದ ಮನೆಯಲ್ಲಿ ಶುಭಾ ಏನನ್ನೂ ಮುಚ್ಚಿಡಲಿಲ್ಲ. ಯಂತ್ರಗಳೆಲ್ಲ ಮಂಚದ ಕೆಳಗಿದ್ದವು.

"ಯಾಕಮ್ಮ ತಗೊಂಡೆ?"

"ತೋರಿಸ್ತೀನಿ ಮೇಡಂ. ಶ್ರೀಕರ್ ಅವ್ರೂ ಬರ್ಲಿ."

ಠಾಣೆಯಲ್ಲಿ ಶ್ರೀಕರನ ಎದುರಿಗೆ ಅವಳು ಒಂದು ಯಂತ್ರದ ಪಟ್ಟಿಯನ್ನು ಭೀಮರಾಯರ ಹೊಟ್ಟೆಗೆ ಕಟ್ಟಿದಳು. ಹಸಿರು ದೀಪ ಮಿನುಗಿತು.

"ಉಸಿರು ಹಿಡೀರಿ ಸಾರ್."

"ಹೊಟ್ಟೆ ಒಳಗೆ ಎಳ್ಕೋಬೇಕಾ?"

"ಆಗೋ ಕೆಲ್ಸ ಹೇಳಮ್ಮ ಅವ್ರಿಗೆ," ಎಂದರು ಶಿಲ್ಪಶ್ರೀ.

ಭೀಮರಾಯರು ಉಸಿರು ಹಿಡಿದರು. ಮುಖ ಕೆಂಪಾಯಿತು. ಕೂಗಿಕೊಳ್ಳಬೇಕಿದ್ದ ಯಂತ್ರ ಸುಮ್ಮನೆ ದೀಪ ಆರಿಸಿಕೊಂಡಿತು.

"ಫಿಟ್‌ನೆಸ್ ಬ್ಯಾಂಡ್‌ಗೂ ಇದಕ್ಕೂ ಒಂದೇ ಬೋರ್ಡ್ ಮೇಡಂ," ಎಂದಳು ಶುಭಾ. "ಅಲುಗಾಟ ನಿಂತ್ರೆ ಬ್ಯಾಟರಿ ಉಳಿಸೋಕೆ ಬ್ಯಾಂಡ್ ತಾನಾಗೇ ಆಫ್ ಆಗಿ ಮಲಗತ್ತೆ. ಅದಕ್ಕೆ ಕಟ್ಟುನಿಟ್ಟಿನ ನಿಯಮ ಇಲ್ಲ, ವಾರವಾರ ಸಾಫ್ಟ್‌ವೇರ್ ಬದಲಾಗತ್ತೆ. ಆ ಸಾಫ್ಟ್‌ವೇರನ್ನೇ ಇದಕ್ಕೂ ಹಾಕ್ಬಿಟ್ರು. ಇದ್ರಲ್ಲಿ ಏನೇ ಬದಲಾದ್ರೂ ಮತ್ತೆ ಟೆಸ್ಟ್ ಆಗ್ಲೇಬೇಕು, ಆಗಿಲ್ಲ. ಆಸ್ಪತ್ರೆಗೆ ಹೋಗ್ಬಾರ್ದು ಅಂತ್ಲೇ ತಗೊಂಡ್ಬಂದೆ."

"ನಿಮಗೆ ಗೊತ್ತಿತ್ತಾ?" ಶಿಲ್ಪಶ್ರೀ ಶ್ರೀಕರನತ್ತ ತಿರುಗಿದರು.

"ಹೇಳಿದ್ರು. ಚಿಕ್ಕ ಬದಲಾವಣೆ, ಆಮೇಲೆ ನೋಡೋಣ ಅಂದೆ." ಅವನು ಅಲ್ಲೇ ಆಸ್ಪತ್ರೆಗೆ ಫೋನ್ ಮಾಡಿದ. "ಟೆಸ್ಟ್ ಆಗೋವರ್ಗೂ ಕಳಿಸಲ್ಲ ಡಾಕ್ಟ್ರೇ." ಆಮೇಲೆ ಕೇಳಿದ: "ದೂರು ವಾಪಸ್ ತಗೋಬಹುದಾ ಮೇಡಂ?"

"ಎಫ್‌ಐಆರ್ ಆಗಿದೆ. ಕೋರ್ಟಲ್ಲಿ ಹೇಳಿ. ಯಂತ್ರ ಮಲಗಿದ್ದನ್ನೂ ನಾನು ಬರೀತೀನಿ."

ಮಧ್ಯಾಹ್ನ ಮೂರಕ್ಕೆ ಶುಭಾಳ ಬಂಧನವಾಯಿತು. ಮರುದಿನ ಶ್ರೀಕರನೇ ಜಾಮೀನಿಗೆ ನಿಂತ. ಅವಳ ಹೇಳಿಕೆಯ ಕೊನೆಯಲ್ಲಿ ಹೀಗಿತ್ತು: 'ನನ್ನ ಮಗಳು ತಿಂಗಳು ತುಂಬುವ ಮುಂಚೆ ಹುಟ್ಟಿದಳು. ಒಂದು ರಾತ್ರಿ ಇಂಥದೇ ಯಂತ್ರ ಕೂಗಿ ನರ್ಸನ್ನು ಕರೆಯಿತು. ಈಗ ಅವಳು ಒಂದನೇ ತರಗತಿ.'

ಮರುಪರೀಕ್ಷೆ ಮುಗಿದ ದಿನ ಶ್ರೀಕರ್, ಶುಭಾ ಇಬ್ಬರೂ ಒಂದು ಯಂತ್ರ ಹಿಡಿದು ಠಾಣೆಗೆ ಬಂದರು. ಭೀಮರಾಯರು ತಾವಾಗಿಯೇ ಪಟ್ಟಿ ಕಟ್ಟಿಕೊಂಡು ಉಸಿರು ಹಿಡಿದರು. ಯಂತ್ರದ ಕೂಗಿಗೆ ಹೊರಗಿನ ಟೀ ಅಂಗಡಿಯವನೂ ಒಳಗೆ ಓಡಿ ಬಂದ.